ಬಂಕರ್ ಅಲ್ಲೇ ಇದೆ, ದಡ ಎಲ್ಲಿ ಹೋಯ್ತು?

ಡೆನ್ಮಾರ್ಕಿನ ಪಶ್ಚಿಮ ಕರಾವಳಿಯ ಕೆಲವು ಕಡೆ ಅಲೆಗಳ ಮಧ್ಯೆ ಮನೆಯಷ್ಟು ದೊಡ್ಡ ಕಾಂಕ್ರೀಟ್ ಪೆಟ್ಟಿಗೆಗಳು ಬಿದ್ದಿವೆ. ಒಂದು ಪಕ್ಕಕ್ಕೆ ವಾಲಿದೆ. ಇನ್ನೊಂದರ ಮುಂಭಾಗ ಮರಳಲ್ಲಿ ಹೂತುಹೋಗಿದೆ. ಇಷ್ಟು ಭಾರದ್ದನ್ನು ನೀರಿನಲ್ಲಿ ಯಾಕೆ ಕಟ್ಟಿದರು ಅಂತ ನೋಡಿದವರಿಗೆ ಅನ್ನಿಸುತ್ತದೆ. ನೀರಿನಲ್ಲಿ ಯಾರೂ ಕಟ್ಟಲಿಲ್ಲ. ಇವು ಎರಡನೇ ಮಹಾಯುದ್ಧದಲ್ಲಿ ಜರ್ಮನರು ಕಟ್ಟಿದ ಬಂಕರುಗಳು, ದಡದ ಮರಳು ದಿಬ್ಬಗಳ ಮೇಲಿದ್ದವು. ಕಡಲು ದಿಬ್ಬವನ್ನು ತಿಂದು ಹಾಕಿತು, ಬಂಕರ್ ಕೆಳಕ್ಕೆ ಜಾರಿತು.

1942ರ ಮಾರ್ಚ್‌ನಲ್ಲಿ ಹಿಟ್ಲರ್ ಹೊರಡಿಸಿದ ಆದೇಶದಿಂದ ಕಡಲಿನಿಂದ ಬರುವ ಶತ್ರುವನ್ನು ತಡೆಯುವ ‘ಅಟ್ಲಾಂಟಿಕ್ ಗೋಡೆ’ಯ ಕೆಲಸಕ್ಕೆ ವೇಗ ಸಿಕ್ಕಿತು. ಹೆಸರಿಗೆ ಗೋಡೆ. ನಿಜದಲ್ಲಿ ಅದು ನಾರ್ವೆಯ ಉತ್ತರದಿಂದ ಫ್ರಾನ್ಸ್–ಸ್ಪೇನ್ ಗಡಿಯವರೆಗೆ ಚದುರಿದ್ದ ಸಾವಿರಾರು ಬಂಕರುಗಳ ಸಾಲು. ಕಟ್ಟಿಸಿದ್ದು ನಾಜಿ ಜರ್ಮನಿಯ ಕಾಮಗಾರಿಗಳನ್ನು ನೋಡಿಕೊಳ್ಳುತ್ತಿದ್ದ ಟಾಟ್ ಸಂಸ್ಥೆ. ಕಟ್ಟಿದವರಲ್ಲಿ ಬಲವಂತದ ದುಡಿಮೆಗೆ ಎಳೆದು ತಂದವರೂ ಬಹಳ ಜನ. ನಕ್ಷೆಗಳು ಸಿದ್ಧವಾಗಿದ್ದವು, ಹಾಗಾಗಿ ನಾರ್ವೆಯಲ್ಲಿ ಕಂಡ ಬಂಕರಿನ ಜೋಡಿಯೇ ಫ್ರಾನ್ಸಿನಲ್ಲೂ ಸಿಗುತ್ತದೆ. ಸಾಮಾನ್ಯವಾಗಿ ಗೋಡೆಯ ದಪ್ಪ 2 ಮೀಟರ್, ತೀರಾ ಮುಖ್ಯವಾದ ಜಾಗಗಳಲ್ಲಿ 3.5 ಮೀಟರ್. ಆಚೆ ದಡದಲ್ಲಿ ಬ್ರಿಟನ್ 1940ರಲ್ಲೇ, ಜರ್ಮನರು ಇಂದೋ ನಾಳೆಯೋ ಬಂದು ಇಳಿಯುತ್ತಾರೆ ಎಂಬ ಭಯದಲ್ಲಿ, ಸಾವಿರಗಟ್ಟಲೆ ಪಿಲ್‌ಬಾಕ್ಸ್‌ಗಳನ್ನು (ಗುಂಡು ಹಾರಿಸಲು ಕಿಂಡಿಗಳಿರುವ ಸಣ್ಣ ಕಾಂಕ್ರೀಟ್ ಕೋಣೆಗಳು) ಗಡಿಬಿಡಿಯಲ್ಲಿ ಕಟ್ಟಿತ್ತು. ಆ ಸೈನ್ಯ ಬರಲೇ ಇಲ್ಲ.

ಕಾದಿದ್ದ ಶತ್ರು ಎಷ್ಟೋ ಕಡೆ ಬರದಿದ್ದರೂ ಈ ಕಟ್ಟಡಗಳು ಬೇರೊಂದು ಕೆಲಸಕ್ಕೆ ಒದಗಿವೆ. ದಡ ಎಷ್ಟು ಸವೆದಿದೆ ಅಂತ ಅಳೆಯುವ ಕೋಲಿನ ಕೆಲಸ.

ಇಂಗ್ಲೆಂಡಿನ ಪೂರ್ವ ಕರಾವಳಿಯ ಹೋಲ್ಡರ್ನೆಸ್ ನೋಡಿ. ಅಲ್ಲಿನ ಕಡಿದಾದ ದಡ ಬಂಡೆಯದ್ದಲ್ಲ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಜೇಡಿಮಣ್ಣಿನದ್ದು. ಅಲೆ ಬುಡವನ್ನು ಕೊರೆಯುತ್ತದೆ, ಮಳೆನೀರು ಮೇಲಿನಿಂದ ಇಳಿದು ಮಣ್ಣನ್ನು ಭಾರ ಮಾಡುತ್ತದೆ, ಒಂದು ದಿನ ದೊಡ್ಡ ಹೆಂಟೆ ಕಳಚಿ ಬೀಳುತ್ತದೆ. ಸರಾಸರಿ ವರ್ಷಕ್ಕೆ ಒಂದೂವರೆಯಿಂದ ಎರಡು ಮೀಟರ್ ಸವೆತ. ಎಂಬತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ನೂರು ಮೀಟರಿಗೂ ಜಾಸ್ತಿ! ಕಿಲ್ನ್‌ಸಿ ಎಂಬಲ್ಲಿ ಮೊದಲ ಮಹಾಯುದ್ಧದ ಕಾಲದ ಗಾಡ್ವಿನ್ ಫಿರಂಗಿ ನೆಲೆ ಹೀಗೇ ಉರುಳಿ ಈಗ ತುಂಡು ತುಂಡಾಗಿ ದಡದಲ್ಲಿ ಬಿದ್ದಿದೆ. ಆಗಿನ ಸೇನಾ ನಕ್ಷೆಯೋ ವಿಮಾನದಿಂದ ತೆಗೆದ ಚಿತ್ರವೋ ಸಿಕ್ಕರೆ ನೆಲ ಎಲ್ಲಿಯವರೆಗೆ ಇತ್ತು ಅನ್ನುವುದು ಗೊತ್ತಾಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಬಿದ್ದ ಮೇಲೆ ಬಂಕರ್ ಜಾರುತ್ತದೆ, ಹೊರಳುತ್ತದೆ. ಅಳತೆಗೆ ಲೆಕ್ಕವಾಗುವುದು ಅದು ಈಗ ಬಿದ್ದಿರುವ ಜಾಗವಲ್ಲ, ಮೊದಲು ನಿಂತಿದ್ದ ಜಾಗ.

ಹತ್ತಿರ ಹೋದರೆ ಇನ್ನೊಂದು ಸವೆತ ಕಾಣುತ್ತದೆ. ನನಗೆ ಹೆಚ್ಚು ಇಷ್ಟ ಇದೇ. ಹೊಸ ಕಾಂಕ್ರೀಟು ಬಹಳ ಕ್ಷಾರದ್ದು, ಅದರ ಪಿಎಚ್ (ಆಮ್ಲ–ಕ್ಷಾರದ ಅಳತೆ, 7 ಮೀರಿದರೆ ಕ್ಷಾರ) 12 ದಾಟಿರುತ್ತದೆ. ಆ ಕ್ಷಾರದಲ್ಲಿ ಒಳಗಿನ ಕಬ್ಬಿಣದ ಕಂಬಿಯ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಪೊರೆ ಇರುವವರೆಗೆ ತುಕ್ಕಿನ ಭಯವಿಲ್ಲ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡು ಸಣ್ಣ ರಂಧ್ರಗಳಲ್ಲಿ ನುಸುಳಿ ಒಳಗಿನ ಸುಣ್ಣದ ಜೊತೆ ಸೇರಿ ಸುಣ್ಣದ ಕಲ್ಲಾಗುತ್ತದೆ. ಸುಣ್ಣ ಬಳಿದ ಗೋಡೆ ಗಟ್ಟಿಯಾಗುತ್ತದಲ್ವಾ, ಅದೇ ಕ್ರಿಯೆ. ಇದರಿಂದ ಕಾಂಕ್ರೀಟಿಗೆ ನೇರ ತೊಂದರೆ ಇಲ್ಲ. ಆದರೆ ಪಿಎಚ್ 9ರ ಆಸುಪಾಸಿಗೆ ಇಳಿಯುತ್ತದೆ, ಕಂಬಿಯ ಪೊರೆ ಕರಗುತ್ತದೆ. ಕಡಲಿನ ಉಪ್ಪು ಇಷ್ಟು ಕಾಯುವುದೂ ಇಲ್ಲ, ಕ್ಷಾರ ಇದ್ದಾಗಲೇ ಪೊರೆಯನ್ನು ತೂತು ಮಾಡುತ್ತದೆ. ಸಾಲದ್ದಕ್ಕೆ ಕೆಲವು ಕಡೆ ಅವಸರದಲ್ಲಿ ದಡದ ಮರಳು, ಜಲ್ಲಿಯನ್ನೇ ಕಲಸಿದ್ದರು. ಒಡೆದ ಗೋಡೆಯಲ್ಲಿ ನುಣ್ಣನೆಯ ಕಡಲಕಲ್ಲು, ಚಿಪ್ಪಿನ ಚೂರು ಕಂಡರೆ ಉಪ್ಪು ಮೊದಲ ದಿನದಿಂದಲೇ ಒಳಗಿತ್ತು ಅಂತ ಊಹಿಸಬಹುದು.

ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಒಳಗಿಂದ ಉಬ್ಬುತ್ತದೆ, ಹೊರಗಿನ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಒಂದಡಿ ದಪ್ಪದ ಪಿಲ್‌ಬಾಕ್ಸಿಗೆ ಇದು ದೊಡ್ಡ ಪೆಟ್ಟು. ಎರಡು ಮೀಟರಿನ ಬಂಕರಿಗೆ ಬರೀ ಚರ್ಮ ಸುಲಿದಂತೆ.

ಒಳಗೆ ಹೋದರೆ ಚಾವಣಿಯಿಂದ ಬಿಳಿ ನಳಿಕೆಗಳು ತೂಗುತ್ತಿರಬಹುದು. ಸುಣ್ಣದ ಕಲ್ಲಿನ ಗುಹೆಗಳಲ್ಲಿ ಅಂಥವು ಬೆಳೆಯಲು ನೂರಾರು, ಕೆಲವೊಮ್ಮೆ ಸಾವಿರಾರು ವರ್ಷ ಬೇಕು. ಇಲ್ಲಿ ಕೆಲವೇ ದಶಕ ಸಾಕು. ಗುಹೆಯಲ್ಲಿ ಹನಿಯಿಂದ ಇಂಗಾಲದ ಡೈಆಕ್ಸೈಡು ಹೊರಗೆ ಹೋಗಬೇಕು, ಆಗ ಕಲ್ಲು ಕೂರುತ್ತದೆ. ಕಾಂಕ್ರೀಟಿನಿಂದ ಬರುವ ಹನಿಯಲ್ಲಿ ಸುಣ್ಣ ಕರಗಿರುತ್ತದೆ, ಅದು ಗಾಳಿಯಿಂದಲೇ ಡೈಆಕ್ಸೈಡು ಎಳೆದುಕೊಂಡು ಬೇಗ ಕಲ್ಲಾಗುತ್ತದೆ. ಎರಡರ ರಸಾಯನ ಹೆಚ್ಚುಕಮ್ಮಿ ಉಲ್ಟಾ. ಮುಟ್ಟಬೇಡಿ, ಚಕ್ಕನೆ ಮುರಿಯುತ್ತವೆ.

ಇಂಥ ಕಡೆ ಕ್ಯಾಮೆರಾದ ಫ್ಲಾಶ್ ಹೆಚ್ಚಾಗಿ ಚಿತ್ರ ಕೆಡಿಸುತ್ತದೆ. ಎದುರಿನಿಂದ ಬೆಳಕು ಬಿದ್ದರೆ ಗೋಡೆ ಸಪ್ಪಗೆ, ಚಪ್ಪಟೆಯಾಗಿ ಕಾಣುತ್ತದೆ. ಟ್ರೈಪಾಡ್ ಇಟ್ಟು, ಶಟರನ್ನು ಕೆಲವು ಸೆಕೆಂಡು ತೆರೆದಿಟ್ಟು, ಟಾರ್ಚನ್ನು ಗೋಡೆಗೆ ಹೆಚ್ಚುಕಮ್ಮಿ ಒರಗಿಸಿ ಪಕ್ಕದಿಂದ ಬೆಳಕು ಹಾಯಿಸಿ. ಸೆಂಟ್ರಿಂಗ್ ಹಲಗೆಯ ಗೆರೆ, ಗಂಟು ಎಲ್ಲ ಎದ್ದು ಬರುತ್ತವೆ. ಆ ಹಲಗೆ ಕೊಳೆತು ಎಷ್ಟೋ ಕಾಲವಾಗಿದೆ, ಅದರ ಅಚ್ಚು ಉಳಿದಿದೆ. ಗುಂಡು ಹಾರಿಸುವ ಕಿಂಡಿಯಲ್ಲಿ ಬೇರೆ ಕಷ್ಟ. ಹೊರಗೆ ಕಣ್ಣು ಕುಕ್ಕುವ ಕಡಲು, ಒಳಗೆ ಕತ್ತಲು. ಒಂದೇ ಎಕ್ಸ್‌ಪೋಷರಿನಲ್ಲಿ ಎರಡೂ ಹಿಡಿಯುವುದು ಕಷ್ಟ. ಮೂರು ನಾಲ್ಕು ತೆಗೆದು ಜೋಡಿಸಬೇಕು, ಇಲ್ಲವೇ ಮೋಡದ ದಿನ ಹೋಗಬೇಕು. ನನ್ನ ಓಟು ಮೋಡಕ್ಕೆ.

ನೋಡಲು ಎಲ್ಲಕ್ಕಿಂತ ವಿಚಿತ್ರವಾದವು ಇಂಗ್ಲೆಂಡಿನ ಕೆಂಟ್ ಕರಾವಳಿಯ ಡಂಜನೆಸ್ ಬಳಿಯ ಕಾಂಕ್ರೀಟ್ ಕಿವಿಗಳು. 1928ರಿಂದ 1930ರ ನಡುವೆ, ಅಂದರೆ ಎರಡು ಯುದ್ಧಗಳ ಮಧ್ಯದ ಬಿಡುವಿನಲ್ಲಿ, ಕಟ್ಟಿದವು. 20 ಅಡಿ ಮತ್ತು 30 ಅಡಿಯ ಎರಡು ಬೋಗುಣಿ, ಜೊತೆಗೆ 200 ಅಡಿ ಉದ್ದದ ಬಾಗಿದ ಗೋಡೆ. ದೂರದ ವಿಮಾನದ ಸದ್ದನ್ನು ಒಂದೆಡೆ ಕೂಡಿಸಿ ಕೇಳುವ ಉಪಾಯ. ಇಷ್ಟು ದೊಡ್ಡದು ಯಾಕೆ? ಸೆಕೆಂಡಿಗೆ 100 ಸಲ ಕಂಪಿಸುವ ಎಂಜಿನ್ ಗುಡುಗಿನ ಅಲೆ ಸುಮಾರು 3.4 ಮೀಟರ್ ಉದ್ದ. ಸದ್ದನ್ನು ಮರಳಿಸುವ ಈ ಕಾಂಕ್ರೀಟ್ ಕನ್ನಡಿ ಅದಕ್ಕಿಂತ ಸಾಕಷ್ಟು ದೊಡ್ಡದಿದ್ದರೇ ಅಲೆ ಸರಿಯಾಗಿ ಮರಳುವುದು. ಉಪಾಯ ಫಲಿಸಿತು, ಆದರೆ ವಿಮಾನಗಳು ಚುರುಕಾದವು. 24 ಕಿಲೋಮೀಟರ್ ಆಚೆಯ ಸದ್ದು ಕಿವಿಗೆ ಬರಲು 70 ಸೆಕೆಂಡು ಬೇಕು. ಗಂಟೆಗೆ 400 ಕಿಲೋಮೀಟರ್ ವೇಗದ ವಿಮಾನ ಅಷ್ಟರಲ್ಲಿ ಸುಮಾರು 8 ಕಿಲೋಮೀಟರ್ ಹತ್ತಿರ ಬಂದಿರುತ್ತದೆ. 1935ರಲ್ಲಿ ರೇಡಾರ್ ಪ್ರಯೋಗ ಯಶಸ್ವಿಯಾಯಿತು, ಈ ಕಿವಿಗಳಿಗೆ ಕೆಲಸ ಇಲ್ಲದಾಯಿತು. ಈಗ ಅವು ಪಕ್ಷಿಧಾಮದೊಳಗಿವೆ.

ಇಂಥ ಕಡೆ ಅಡ್ಡಾಡುವವರು ಉಬ್ಬರ–ಇಳಿತದ ಸಮಯ ನೋಡಿಕೊಂಡೇ ಹೊರಡುತ್ತಾರೆ. ಚಳಿಗಾಲದಲ್ಲಿ ಒಳಗೆ ಬಾವಲಿಗಳು ಮಲಗಿದ್ದರೆ ಹಾಗೇ ಹಿಂದಕ್ಕೆ ಬರಬೇಕು. ಒಮ್ಮೆ ಎಚ್ಚರವಾದರೆ ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬು ಸುಮ್ನೆ ಖರ್ಚಾಗುತ್ತದೆ. ದಡದಲ್ಲಿ ಸಿಕ್ಕಿದ್ದನ್ನು ಜೇಬಿಗೆ ಹಾಕುವ ಚಪಲವೂ ಬೇಡ. ಜರ್ಮನಿಯ ಉಸೆಡೊಮ್ ದ್ವೀಪದಲ್ಲಿ ಹಳೆಯ ಬಾಂಬಿನ ಬಿಳಿ ರಂಜಕದ ತುಂಡನ್ನು ಅಂಬರ್ (ಪುರಾತನ ಮರದ ಅಂಟು ಗಟ್ಟಿಯಾಗಿ ಆದ ಹಳದಿ ಕಲ್ಲು) ಅಂದುಕೊಂಡು ಎತ್ತಿಕೊಂಡವರಿದ್ದಾರೆ. ಒದ್ದೆ ಇರುವಾಗ ಅದು ತಣ್ಣಗಿರುತ್ತದೆ. ಒಣಗಿ ಮೈಯ ಬಿಸಿ ತಾಗಿದರೆ ಜೇಬಿನಲ್ಲೇ ಹೊತ್ತಿಕೊಳ್ಳುತ್ತದೆ.

ಬ್ರಿಟನ್ನಿನಲ್ಲಿ 1995ರಲ್ಲಿ ಶುರುವಾದ ಒಂದು ದಾಖಲೆ ಯೋಜನೆಯಲ್ಲಿ ನೂರಾರು ಸ್ವಯಂಸೇವಕರು ಸೇರಿ ಸುಮಾರು 20,000 ರಕ್ಷಣಾ ನೆಲೆಗಳನ್ನು ಪಟ್ಟಿ ಮಾಡಿದರು. ಈಗ ಫೋನಿದ್ದರೂ ನಡೆಯುತ್ತದೆ. ಬಂಕರಿನ ಸುತ್ತ ನಡೆಯುತ್ತಾ, ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವಂತೆ ನೂರಾರು ಚಿತ್ರ ತೆಗೆದರೆ ಸಾಫ್ಟ್‌ವೇರ್ ಮೂರು ಆಯಾಮದ ಮಾದರಿ ಕಟ್ಟಿಕೊಡುತ್ತದೆ. ಅದೂ ಬೇಡ ಅಂದರೆ ಪ್ರತಿ ವರ್ಷ ಒಂದೇ ಜಾಗದಿಂದ, ಒಂದೇ ಲೆನ್ಸಿನಲ್ಲಿ ಒಂದು ಚಿತ್ರ ಸಾಕು. ಆ ಜಾಗವನ್ನು ಮಾತ್ರ ದಡದ ಅಂಚಿನಿಂದ ಸಾಕಷ್ಟು ಒಳಗೆ ಆರಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಹೋದಾಗ ಬಂಕರ್ ಇರುತ್ತದೆ, ಟ್ರೈಪಾಡ್ ಇಡಲು ನೆಲ ಇರುವುದಿಲ್ಲ.