ಜೀಪು: ಹೆಸರು ಯಾರದ್ದು, ಗಾಡಿ ಯಾರದ್ದು?

ನೆಂಟರ ಹುಡುಗನೊಬ್ಬ ಹೊಸ ಗಾಡಿ ತಗೊಂಡು ಮನೆಗೆ ಬಂದಿದ್ದ. ಅಮ್ಮ ಹೊರಗೆ ಬಂದು ನೋಡಿ, "ಯಾವ ಕಾರಪ್ಪ ಇದು?" ಅಂದಳು. "ಕಾರಲ್ಲ ಅತ್ತೆ, ಜೀಪ್" ಅಂದ ಅವನು. ಅಮ್ಮ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಎ.ಸಿ., ಮೆತ್ತನೆ ಸೀಟು, ನಾಲ್ಕು ಕಡೆಯೂ ಗಾಜು. "ಸುಮ್ನಿರು, ಇದು ಜೀಪಾ? ಜೀಪು ನಾನು ನೋಡಿಲ್ವಾ?" ಅಂತ ಒಳಗೆ ಹೋದಳು.

ಗಾಡಿಯ ಹೆಸರು ಜೀಪ್ ಕಂಪಾಸ್. ಬಾನೆಟ್ ಮೇಲೆ ಜೀಪ್ ಅಂತಲೇ ಇದೆ. ಕಾನೂನಿನ ಲೆಕ್ಕದಲ್ಲಿ ಆ ಹೆಸರಿಗೆ ಹಕ್ಕಿರುವ ಕಂಪನಿ ಮಾಡಿದ ಗಾಡಿಯೇ. ಅಮ್ಮನ ಲೆಕ್ಕದಲ್ಲಿ ಮಾತ್ರ ಅದು ಜೀಪಲ್ಲ. ಸ್ಟೇಷನ್ ಮುಂದೆ ನಿಲ್ಲುವ ಮಹೀಂದ್ರ ಬೊಲೆರೊ ಪೊಲೀಸ್ ಜೀಪು. ಕುದುರೆಮುಖ ಹತ್ತಲು ಹೋದವರನ್ನು ಸಂಸೆ ಕಡೆಯಿಂದ ಮುಳ್ಳೋಡಿಗೆ ಎತ್ತಿ ಕುಲುಕಿ ತಲುಪಿಸುವುದೂ ಜೀಪು. ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಹೋಗುವುದೂ ಜೀಪೇ. ಇವುಗಳ ಮೇಲೆ ಎಲ್ಲೂ ಜೀಪ್ ಅಂತ ಬರೆದಿರುವುದಿಲ್ಲ. ಯಾರಿಗೂ ಅದು ಬೇಕಾಗಿಯೂ ಇಲ್ಲ.

ಹೊರಗಿಂದ ಬಂದ ಪದದ ಬಾಲಕ್ಕೆ ಒಂದು 'ಉ' ಸೇರಿಸಿ ಮನೆಯೊಳಗೆ ಕರೆದುಕೊಳ್ಳುವುದು ಕನ್ನಡದ ಹಳೇ ಅಭ್ಯಾಸ. ಬಸ್ ಬಂದು ಬಸ್ಸು ಆಯಿತು, ಕಾರ್ ಬಂದು ಕಾರು ಆಯಿತು. ಬಸ್ಸಿಗೆ ಒತ್ತು ಬಿತ್ತು, ಯಾಕೆಂದರೆ ಮೊದಲಕ್ಷರ ಗಿಡ್ಡ. ಕಾರಿಗೂ ಜೀಪಿಗೂ ಮೊದಲಕ್ಷರ ಉದ್ದ, ಹಾಗಾಗಿ ಒತ್ತಿಲ್ಲದೆ ಕಾರು, ಜೀಪು. ಇನ್ನೊಂದು ಗಮನಿಸಿ. ಫೋರ್ಡ್ ಕಾರು ಅನ್ನುತ್ತೇವೆ, ಫಿಯೆಟ್ ಕಾರು ಅನ್ನುತ್ತೇವೆ. ಜೀಪ್ ಕಾರು ಅಂತ ಅಂದವರನ್ನು ನಾನು ಕಂಡಿಲ್ಲ. ಅಂದರೆ ನಮ್ಮ ಕಿವಿಯಲ್ಲಿ ಜೀಪು ಕಂಪನಿಯ ಹೆಸರಲ್ಲ, ಒಂದು ಜಾತಿಯ ಗಾಡಿಯ ಹೆಸರು. ಎತ್ತಿನ ಗಾಡಿ, ಲಾರಿ, ಟ್ರ್ಯಾಕ್ಟರ್ ಇದ್ದ ಹಾಗೆ ಜೀಪು.

ನಿಜ ಹೇಳಬೇಕೆಂದರೆ ಹುಟ್ಟುವಾಗಲೂ ಅದು ಯಾವ ಕಂಪನಿಯ ಹೆಸರೂ ಆಗಿರಲಿಲ್ಲ.

1940ರ ಜುಲೈ. ಯುರೋಪಿನಲ್ಲಿ ಯುದ್ಧ ಹತ್ತಿ ಉರಿಯುತ್ತಿತ್ತು. ಅಮೆರಿಕದ ಸೇನೆಗೆ ಕುದುರೆ ಮತ್ತು ಸೈಡ್‌ಕಾರ್ ಇರುವ ಮೋಟಾರ್ ಸೈಕಲ್ ಬದಲು ಒಂದು ಪುಟ್ಟ ಗಾಡಿ ಬೇಕಿತ್ತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗಬೇಕು, ಮುಂದಿನ ಗಾಜು ಮಡಚಬೇಕು, ತೂಕ ಮಾತ್ರ 590 ಕೆ.ಜಿ. ಒಳಗಿರಬೇಕು. ಇವತ್ತಿನ ಆಲ್ಟೊ ಕೂಡ ಅದಕ್ಕಿಂತ ಜಾಸ್ತಿ ತೂಗುತ್ತದೆ! 49 ದಿನದಲ್ಲಿ ಮೊದಲ ಗಾಡಿ ತಂದು ನಿಲ್ಲಿಸಬೇಕು ಅನ್ನುವುದು ಇನ್ನೊಂದು ಷರತ್ತು. 135 ಕಂಪನಿಗಳಿಗೆ ಪತ್ರ ಹೋಯಿತು. ಮುಂದೆ ಬಂದವರು ಇಬ್ಬರೇ, ಅಮೆರಿಕನ್ ಬ್ಯಾಂಟಮ್ ಮತ್ತು ವಿಲ್ಲಿಸ್ ಓವರ್‌ಲ್ಯಾಂಡ್.

ಬ್ಯಾಂಟಮ್ ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನುವ ಊರಿನ ಚಿಕ್ಕ ಕಂಪನಿ. ಹಿಂದೆ ಬ್ರಿಟಿಷರ ಆಸ್ಟಿನ್ ಸೆವೆನ್ ಅನ್ನುವ ಗುಬ್ಬಚ್ಚಿ ಕಾರನ್ನು ಅಲ್ಲಿ ಮಾಡುತ್ತಿದ್ದರು. ದೊಡ್ಡ ಕಾರುಗಳ ನಾಡಿನಲ್ಲಿ ಅದು ಓಡಲಿಲ್ಲ. 1940ರ ಹೊತ್ತಿಗೆ ಬಾಗಿಲು ಹಾಕುವುದೊಂದೇ ಬಾಕಿ. ಕೈಯಲ್ಲಿ ಎಂಜಿನಿಯರ್ ಕೂಡ ಇರಲಿಲ್ಲ. ಡೆಟ್ರಾಯಿಟಿನಿಂದ ಕಾರ್ಲ್ ಪ್ರೋಬ್ಸ್ಟ್ ಅನ್ನುವವರನ್ನು ಕರೆಸಿಕೊಂಡರು. ಕೆಲಸ ಸಿಕ್ಕಿದರೆ ಮಾತ್ರ ದುಡ್ಡು ಅನ್ನುವ ಮಾತಿನ ಮೇಲೆ ಬಂದ ಪುಣ್ಯಾತ್ಮ ಎರಡೇ ದಿನದಲ್ಲಿ ನಕ್ಷೆ ಬರೆದು ಮುಗಿಸಿದರು. ತೂಕದ ಷರತ್ತು ಸಾಧ್ಯವೇ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಅರ್ಜಿಯಲ್ಲಿ ಮಿತಿಯೊಳಗೇ ಇದೆ ಅಂತ ಬರೆದು ಕೊಟ್ಟರು. ಟೆಂಡರ್ ಹಾಕುವವರು ಎಲ್ಲಾ ಊರಲ್ಲೂ ಒಂದೇ, ಅಲ್ವಾ? ವಿಲ್ಲಿಸ್ ಹೇಳಿದ ಬೆಲೆ ಕಡಿಮೆಯೇ ಇತ್ತು, ಆದರೆ ಅವರು ಇನ್ನಷ್ಟು ದಿನ ಕೇಳಿದರು. ಕೆಲಸ ಬ್ಯಾಂಟಮ್‌ಗೆ ಸಿಕ್ಕಿತು.

ಸೆಪ್ಟೆಂಬರ್ 23, ಕೊನೆಯ ದಿನ. ಬಟ್ಲರಿನಿಂದ ಗಾಡಿಯನ್ನು ಓಡಿಸಿಕೊಂಡೇ ಬಾಲ್ಟಿಮೋರಿನ ಹೊಲಾಬರ್ಡ್ ಸೇನಾ ಶಿಬಿರಕ್ಕೆ ತಂದರು. ಗಡುವಿಗೆ ಅರ್ಧ ಗಂಟೆ ಬಾಕಿ ಇತ್ತು. ಸೇನೆಯವರು ಹಳ್ಳ, ಕೆಸರು, ದಿಬ್ಬ ಅಂತ ಎಲ್ಲಾ ಕಡೆ ಹಾಯಿಸಿ ನೋಡಿದರು. ಗಾಡಿ ಗೆದ್ದಿತು. ಸೋತಿದ್ದು ಬ್ಯಾಂಟಮ್.

ಹೇಗೆಂದರೆ, ಲಕ್ಷಗಟ್ಟಲೆ ಗಾಡಿ ಮಾಡುವ ತಾಕತ್ತು ಈ ಚಿಕ್ಕ ಕಂಪನಿಗಿಲ್ಲ ಅಂತ ಸೇನೆಗೆ ಅನುಮಾನ. ಬ್ಯಾಂಟಮ್‌ನ ನಕ್ಷೆಗಳನ್ನು ವಿಲ್ಲಿಸ್‌ಗೂ ಫೋರ್ಡ್‌ಗೂ ಕೊಟ್ಟುಬಿಟ್ಟಿತು. ಆ ವರ್ಷದ ನವೆಂಬರ್‌ನಲ್ಲೇ ಇಬ್ಬರೂ ತಮ್ಮ ತಮ್ಮ ಮಾದರಿ ತಂದು ನಿಲ್ಲಿಸಿದರು. ವಿಲ್ಲಿಸ್ ಗಾಡಿಯ ಹೆಸರು ಕ್ವಾಡ್, ಫೋರ್ಡಿನದು ಪಿಗ್ಮಿ. ಜೀಪ್ ಅಂತ ಯಾರೂ ಇಟ್ಟಿರಲಿಲ್ಲ. 1941ರಲ್ಲಿ ದೊಡ್ಡ ಗುತ್ತಿಗೆ ವಿಲ್ಲಿಸ್ ಪಾಲಾಯಿತು. ಅದಕ್ಕೆ ಕಾರಣ ಎಂಜಿನ್. ಬಾರ್ನಿ ರೂಸ್ ಅನ್ನುವ ಎಂಜಿನಿಯರ್ ತಿದ್ದಿ ತೀಡಿ 60 ಕುದುರೆ ಶಕ್ತಿಗೆ ತಂದಿದ್ದ 2.2 ಲೀಟರಿನ ಎಂಜಿನ್ ಅದು. ಬೇರೆ ಎರಡಕ್ಕೂ ಅಷ್ಟು ದಮ್ಮಿರಲಿಲ್ಲ. ಬ್ಯಾಂಟಮ್ ಒಟ್ಟು ಮೂರು ಸಾವಿರದಷ್ಟೂ ಗಾಡಿ ಮಾಡಲಿಲ್ಲ. ಯುದ್ಧ ಮುಗಿಯುವ ತನಕ ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡಿಕೊಂಡಿತ್ತು. ಮಗುವನ್ನು ಹೆತ್ತವರು ಅದರ ತೊಟ್ಟಿಲು ಮಾಡಿಕೊಡುವ ಕೆಲಸಕ್ಕೆ ಇಳಿದ ಹಾಗೆ.

ಇನ್ನು ಹೆಸರು. ಇಲ್ಲಿಂದ ಜಗಳ ಶುರು.

ಎಲ್ಲರೂ ಹೇಳುವ ಕಥೆ ಒಂದಿದೆ. 'ಜನರಲ್ ಪರ್ಪಸ್', ಅಂದರೆ ಎಲ್ಲಾ ಕೆಲಸಕ್ಕೂ ಆಗುವ ಗಾಡಿ. ಅದನ್ನು ಚಿಕ್ಕದಾಗಿ ಜಿ.ಪಿ. ಅಂದರು, ಬೇಗ ಬೇಗ ಹೇಳುತ್ತಾ ಹೇಳುತ್ತಾ ಜೀಪ್ ಆಯಿತು. ಶಾಲೆಯ ಕ್ವಿಜ್‌ನಲ್ಲಿ ನಾನೂ ಇದೇ ಉತ್ತರ ಹೇಳಿ ಅಂಕ ತಗೊಂಡಿದ್ದೆ. ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಜಿ.ಪಿ. ಅನ್ನುವುದು ಫೋರ್ಡ್ ಕಂಪನಿ ತನ್ನ ಮಾದರಿಗೆ ಕೊಟ್ಟ ಗುರುತು. ಅವರ ಲೆಕ್ಕದಲ್ಲಿ ಜಿ ಅಂದರೆ ಗವರ್ನಮೆಂಟ್, ಸರ್ಕಾರಿ ಕೆಲಸ. ಪಿ ಅಂದರೆ ಪರ್ಪಸ್ ಅಲ್ಲವೇ ಅಲ್ಲ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 80 ಇಂಚು ಅಂತರವಿರುವ ಗಾಡಿಗೆ ಫೋರ್ಡಿನವರು ಇಟ್ಟುಕೊಂಡಿದ್ದ ಸಂಕೇತಾಕ್ಷರ. ಆಮೇಲೆ ವಿಲ್ಲಿಸ್ ವಿನ್ಯಾಸದಂತೆ ಫೋರ್ಡ್ ಗಾಡಿ ಮಾಡಿಕೊಟ್ಟಾಗ ಅದರ ಹಿಂದೆ ಡಬ್ಲ್ಯೂ ಸೇರಿ ಜಿ.ಪಿ.ಡಬ್ಲ್ಯೂ. ಆಯಿತು.

ಅದಕ್ಕಿಂತ ಮುಂಚೆಯೇ ಜೀಪ್ ಅನ್ನುವ ಪದ ಸೇನೆಯ ಗ್ಯಾರೇಜುಗಳಲ್ಲಿ ಓಡಾಡುತ್ತಿತ್ತು. ಹೊಸದಾಗಿ ಸೇರಿದ ಸಿಪಾಯಿಯನ್ನೂ, ಪರೀಕ್ಷೆಗೆ ಬಂದ ಹೊಸ ಗಾಡಿಯನ್ನೂ ಜೀಪ್ ಅಂತ ಕರೆಯುತ್ತಿದ್ದರು. ಇನ್ನೂ ಪಳಗದವನು, ಹೊಸಬ ಅನ್ನುವ ಹಾಗೆ. ಇನ್ನೊಂದು ಕಡೆಯಿಂದ ಕಾರ್ಟೂನ್ ಬಂತು. ಪಾಲಕ್ ತಿಂದು ತೋಳು ಉಬ್ಬಿಸುವ ಪಾಪ್ಐ ಗೊತ್ತಲ್ಲ? ಅವನ ಪತ್ರಿಕಾ ಕಾಮಿಕ್‌ನಲ್ಲಿ 1936ರಲ್ಲಿ ಯೂಜೀನ್ ಅನ್ನುವ ಪ್ರಾಣಿಯೊಂದು ಕಾಣಿಸಿಕೊಂಡಿತು. ಅದರ ಜಾತಿಯ ಹೆಸರು ಜೀಪ್, ಅದು ಆಡುವ ಮಾತೂ 'ಜೀಪ್' ಒಂದೇ. ಎಲ್ಲಿ ಬೇಕಾದರೂ ಮಾಯವಾಗಿ ಎಲ್ಲಿ ಬೇಕಾದರೂ ಪ್ರತ್ಯಕ್ಷವಾಗುತ್ತದೆ. ಗೋಡೆ ಹತ್ತುವ, ಹಳ್ಳ ದಾಟುವ ಪುಟ್ಟ ಗಾಡಿ ಕಂಡಾಗ ಸಿಪಾಯಿಗಳಿಗೆ ಅದರ ನೆನಪಾಗಿದ್ದರೆ ಆಶ್ಚರ್ಯವೇನಿಲ್ಲ. ನನಗೆ ಈ ಎರಡೂ ಸೇರಿದ ಕಥೆಯೇ ಹೆಚ್ಚು ಒಪ್ಪುತ್ತದೆ. ಅಡ್ಡಹೆಸರು ಹುಟ್ಟುವುದು ಕಡತದಲ್ಲಲ್ಲ, ಹರಟೆಯಲ್ಲಿ. ಅಂದ ಹಾಗೆ ಸೇನೆಯ ಕೆಲವು ದಳಗಳಲ್ಲಿ ಇದನ್ನು 'ಪೀಪ್' ಅನ್ನುತ್ತಿದ್ದರು. ಆ ಹೆಸರು ಗಟ್ಟಿಯಾಗಿದ್ದರೆ ನಾವಿವತ್ತು ಪೊಲೀಸ್ ಪೀಪು ಅನ್ನಬೇಕಿತ್ತು!

ಪದ ಊರೂರಿಗೆ ಹರಡಿದ್ದು ಪತ್ರಿಕೆಯಿಂದ. 1941ರ ಆರಂಭದಲ್ಲಿ ವಿಲ್ಲಿಸ್ ಕಂಪನಿಯ ಚಾಲಕ ಇರ್ವಿಂಗ್ ಹೌಸ್‌ಮನ್ ವಾಷಿಂಗ್ಟನ್‌ನಲ್ಲಿ ಸಂಸತ್ ಭವನದ ಮೆಟ್ಟಿಲ ಮೇಲೆಯೇ ಗಾಡಿ ಹತ್ತಿಸಿದ. ಕ್ಯಾಥರಿನ್ ಹಿಲ್ಯರ್ ಅನ್ನುವ ವರದಿಗಾರ್ತಿ ಅದರ ಬಗ್ಗೆ ಬರೆಯುವಾಗ ಜೀಪ್ ಅನ್ನುವ ಹೆಸರನ್ನೇ ಬಳಸಿದರು. ಅಲ್ಲಿಂದ ಅದು ಎಲ್ಲರ ಬಾಯಿಗೆ ಬಂತು.

ಯುದ್ಧದಲ್ಲಿ ಒಟ್ಟು ಆರು ಲಕ್ಷಕ್ಕೂ ಜಾಸ್ತಿ ಜೀಪು ತಯಾರಾದವು. ಹೆಚ್ಚಿನವು ಒಹಾಯೊದ ಟೊಲೀಡೊದಲ್ಲಿದ್ದ ವಿಲ್ಲಿಸ್ ಕಾರ್ಖಾನೆಯವು, ಉಳಿದವು ಫೋರ್ಡಿನವು. ಎರಡೂ ಒಂದೇ ಥರ. ಬಿಡಿಭಾಗ ಅದಲು ಬದಲು ಮಾಡಬಹುದಿತ್ತು. ಹಾಗಾದರೆ ಯಾವುದು ಯಾರದ್ದು ಅಂತ ತಿಳಿಯುವುದು ಹೇಗೆ? ಬೋಲ್ಟ್ ನೋಡಬೇಕು. ಫೋರ್ಡಿನವರು ಬೋಲ್ಟ್ ತಲೆಯ ಮೇಲೂ ತಮ್ಮ ಎಫ್ ಅಕ್ಷರ ಒತ್ತುತ್ತಿದ್ದರು. ಹಳೇ ಜೀಪು ಕೂಡಿಡುವವರು ಇವತ್ತಿಗೂ ಬ್ಯಾಟರಿ ಹಿಡಿದು ಗಾಡಿಯ ಅಡಿಗೆ ನುಗ್ಗಿ ಆ ಎಫ್ ಹುಡುಕುತ್ತಾರೆ. ಒಂದು ತಮಾಷೆ ಏನೆಂದರೆ, ಜೀಪಿನ ಮುಖ ಅಂತ ನಾವು ಗುರುತು ಹಿಡಿಯುವ ಉದ್ದುದ್ದ ಸೀಳಿನ ತಗಡಿನ ಜಾಲರಿ ಇದೆಯಲ್ಲ, ಅದೂ ವಿಲ್ಲಿಸ್‌ನದ್ದಲ್ಲ. ಕಬ್ಬಿಣದ ಪಟ್ಟಿ ಬೆಸೆದು ಮಾಡುವ ಬದಲು ಒಂದೇ ತಗಡು ಒತ್ತಿದರೆ ಅಗ್ಗ ಅಂತ ಫೋರ್ಡ್ ಮಾಡಿದ ಉಪಾಯ. ಆಗ ಒಂಬತ್ತು ಸೀಳು. ಯುದ್ಧದ ಆಮೇಲೆ ಸಾಮಾನ್ಯ ಜನರಿಗೆ ಮಾಡಿದ ಜೀಪಿನಲ್ಲಿ ದೀಪ ದೊಡ್ಡದಾದವು, ಸೀಳು ಏಳಾಯಿತು.

ಆ ಹಳೇ ಗಾಡಿಯ ಒಳಗೊಮ್ಮೆ ಇಣುಕಿದರೆ ಮಜಾ ಇದೆ. ಬಾಗಿಲೇ ಇಲ್ಲ. ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಪೆಟ್ರೋಲ್ ತುಂಬಬೇಕಾದರೆ ಡ್ರೈವರ್ ಎದ್ದು ಸೀಟು ಎತ್ತಬೇಕು. ಮುಂದಿನ ದೀಪಗಳಿಗೆ ಕೀಲು ಇದೆ. ರಾತ್ರಿ ಎಂಜಿನ್ ಕೆಟ್ಟರೆ ಬಾನೆಟ್ ತೆಗೆದು ದೀಪವನ್ನೇ ಹಿಂದಕ್ಕೆ ತಿರುಗಿಸಿ ಎಂಜಿನ್ ಮೇಲೆ ಬೆಳಕು ಬಿಟ್ಟುಕೊಳ್ಳಬಹುದು. ಈಗಿನ ಯಾವ ಗಾಡಿಯಲ್ಲಿದೆ ಇಂಥ ಬುದ್ಧಿ? ನೆಲದ ಮೇಲೆ ಗೇರಿನ ಕೋಲಿನ ಪಕ್ಕ ಇನ್ನೆರಡು ಚಿಕ್ಕ ಕೋಲು. ಒಂದು, ಮುಂದಿನ ಚಕ್ರಕ್ಕೂ ಶಕ್ತಿ ಕೊಡಲು. ಇನ್ನೊಂದು, ವೇಗ ತಗ್ಗಿಸಿ ಎಳೆತ ಹೆಚ್ಚಿಸಲು. ಸಾಮಾನ್ಯ ಕಾರಿನ ಎರಡು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗಿ ಗುಂಡಿ ತೋಡುವ ಜಾಗದಲ್ಲಿ ಜೀಪು ಮುಂದಿನಿಂದ ಎಳೆದು ಹಿಂದಿನಿಂದ ತಳ್ಳಿಕೊಂಡು ನಿಧಾನಕ್ಕೆ ಹತ್ತುತ್ತದೆ. ಮುಳ್ಳೋಡಿ ದಾರಿಯಲ್ಲಿ ಒಂದು ಕಡೆ ನಮ್ಮ ಜೀಪಿನವನು, "ಫೋರ್‌ವೀಲ್ ಹಾಕ್ತೀನಿ, ಕಂಬಿ ಹಿಡ್ಕೊಳ್ಳಿ" ಅಂತ ಕೋಲು ಎಳೆದಾಗ ಹಿಂದೆ ಕೂತಿದ್ದ ನಮ್ಮ ಮಂಡಿಗಳೆಲ್ಲ ಒಂದಕ್ಕೊಂದು ಬಡಿದವು. ಕೆಲಸ ಮಾತ್ರ ಅದೇ, 1941ರದ್ದು.

ಈಗ ವಿಲ್ಲಿಸ್ ಕಥೆಗೆ ಬರೋಣ. ಜಾನ್ ನಾರ್ತ್ ವಿಲ್ಲಿಸ್ ಅನ್ನುವ ಕಾರು ವ್ಯಾಪಾರಿ 1908ರಲ್ಲಿ ಓವರ್‌ಲ್ಯಾಂಡ್ ಕಂಪನಿಯನ್ನು ಕೈಗೆ ತಗೊಂಡ. 1912ರಿಂದ 1918ರ ತನಕ ಅಮೆರಿಕದಲ್ಲಿ ಫೋರ್ಡ್ ಬಿಟ್ಟರೆ ಇವರೇ. 1930ರ ದಶಕದ ಮುಗ್ಗಟ್ಟಿನಲ್ಲಿ ದಿವಾಳಿಯ ತನಕ ಹೋಗಿ ಬಂದಿತ್ತು. ಹಾಗಾಗಿ ಜೀಪು ಅವರಿಗೆ ಮರುಜನ್ಮ. ಯುದ್ಧ ನಡೆಯುತ್ತಿದ್ದಾಗಲೇ ಜೀಪನ್ನು ಕಂಡುಹಿಡಿದವರು ನಾವೇ ಅನ್ನುವ ಹಾಗೆ ಜಾಹೀರಾತು ಕೊಟ್ಟರು. 1943ರಲ್ಲಿ ಆ ಹೆಸರಿಗೆ ಟ್ರೇಡ್‌ಮಾರ್ಕ್ ಕೇಳಿದರು. ಬ್ಯಾಂಟಮ್ ಸುಮ್ಮನಿರಲಿಲ್ಲ. ವಿಷಯ ವ್ಯಾಪಾರದ ಮೋಸ, ಸುಳ್ಳು ಜಾಹೀರಾತುಗಳನ್ನು ನೋಡಿಕೊಳ್ಳುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಬಂತು. 1948ರಲ್ಲಿ ಕಮಿಷನ್, ಜೀಪಿನ ಕಲ್ಪನೆ ಬ್ಯಾಂಟಮ್ ಸೇನೆಯ ಜೊತೆ ಸೇರಿ ಮಾಡಿದ್ದು, ವಿಲ್ಲಿಸ್ ಹಾಗೆ ಹೇಳಿಕೊಳ್ಳಬಾರದು ಅಂದಿತು. 1950ರಲ್ಲಿ ಟ್ರೇಡ್‌ಮಾರ್ಕ್ ಮಾತ್ರ ವಿಲ್ಲಿಸ್‌ಗೇ ಸಿಕ್ಕಿತು. ಅಷ್ಟರಲ್ಲಿ ಬ್ಯಾಂಟಮ್‌ನಲ್ಲಿ ಹೋರಾಡುವ ಶಕ್ತಿ ಉಳಿದಿರಲಿಲ್ಲ.

ಆಮೇಲೆ ಆ ಹೆಸರು ಕೈಯಿಂದ ಕೈಗೆ ಹೋಯಿತು. 1953ರಲ್ಲಿ ಕೈಸರ್, 1970ರಲ್ಲಿ ಅಮೆರಿಕನ್ ಮೋಟಾರ್ಸ್, 1987ರಲ್ಲಿ ಕ್ರೈಸ್ಲರ್. ನಡುವೆ ಜರ್ಮನಿಯ ಡೈಮ್ಲರ್ ಬಂದು ಹೋಯಿತು, ಇಟಲಿಯ ಫಿಯೆಟ್ ಬಂತು, 2021ರಿಂದ ಸ್ಟೆಲಾಂಟಿಸ್. ಕೊಂಡವರೆಲ್ಲ ಬಹುಪಾಲು ಈ ಒಂದು ಹೆಸರಿನ ಆಸೆಗೇ ಕೊಂಡರು ಅಂದರೆ ತಪ್ಪಿಲ್ಲ. ರ‍್ಯಾಂಗ್ಲರ್ ಅನ್ನುವ ಹೊಸ ಜೀಪಿಗೆ 1986ರಲ್ಲಿ ಚೌಕ ದೀಪ ಇಟ್ಟಾಗ ಅಭಿಮಾನಿಗಳು ಮುಖ ಸಿಂಡರಿಸಿದರು. ಹತ್ತು ವರ್ಷ ಬಿಟ್ಟು ದುಂಡು ದೀಪ ವಾಪಸ್ ಬಂತು.

ನಮ್ಮ ದೇಶಕ್ಕೆ ಜೀಪು ಕಾಲಿಟ್ಟಿದ್ದೂ ಯುದ್ಧದ ಜೊತೆಗೇ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಶುರುವಾದ ಮಹೀಂದ್ರ ಆಂಡ್ ಮೊಹಮ್ಮದ್ ಕಂಪನಿ ವಿಲ್ಲಿಸ್ ಜೊತೆ ಒಪ್ಪಂದ ಮಾಡಿಕೊಂಡಿತು. ದೇಶ ಒಡೆದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಹಣಕಾಸು ಮಂತ್ರಿಯಾದರು. ಇಲ್ಲಿ ಉಳಿದದ್ದು ಮಹೀಂದ್ರ ಆಂಡ್ ಮಹೀಂದ್ರ. 1940ರ ದಶಕ ಮುಗಿಯುವಷ್ಟರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ಅಮೆರಿಕದಿಂದ ಬಿಡಿಬಿಡಿಯಾಗಿ ಬಂದ ಜೀಪುಗಳನ್ನು ಜೋಡಿಸತೊಡಗಿದರು. ಬರಬರುತ್ತಾ ಭಾಗಗಳನ್ನೂ ಇಲ್ಲೇ ಮಾಡಿದರು. ಅರಣ್ಯ ಇಲಾಖೆ, ಪೊಲೀಸು, ತಹಶೀಲ್ದಾರರು, ಕಾಫಿ ತೋಟದ ಸಾಹುಕಾರರು ಎಲ್ಲರಿಗೂ ಅದೇ ಗಾಡಿ. ಹಳ್ಳಿಯ ಕಡೆ ಜೀಪು ಬಂತು ಅಂದರೆ ಸರ್ಕಾರ ಬಂತು ಅಂತಲೇ ಅರ್ಥವಿತ್ತು. ಪದ ಕನ್ನಡಕ್ಕೆ ಇಳಿದದ್ದು ಹೀಗೆ.

ಜೀಪ್ ಅನ್ನುವ ಹೆಸರಿನ ಮಾಲೀಕರು ತಮ್ಮ ಬೋರ್ಡ್ ಹಾಕಿಕೊಂಡು ಭಾರತಕ್ಕೆ ಬಂದದ್ದು ತೀರಾ ಈಚೆಗೆ, 2016ರಲ್ಲಿ. ಮರುವರ್ಷ ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಕಂಪಾಸ್ ತಯಾರಿಸತೊಡಗಿದರು. ಅದನ್ನೇ ಅಮ್ಮ ಜೀಪಲ್ಲ ಅಂದದ್ದು.

ಇದರ ಉಲ್ಟಾ ಅಮೆರಿಕದಲ್ಲಿ ನಡೆಯಿತು. 2018ರಲ್ಲಿ ಮಹೀಂದ್ರ ಕಂಪನಿ ಅಲ್ಲಿ ರಾಕ್ಸರ್ ಅನ್ನುವ ಗಾಡಿ ಬಿಟ್ಟಿತು. ಹೊಲ, ಕಾಡುದಾರಿಯಲ್ಲಿ ಓಡಿಸಲು ಮಾತ್ರ. ವಿಲ್ಲಿಸ್‌ನಿಂದ ಕಲಿತ ಕೆಲಸವನ್ನೇ ಎಪ್ಪತ್ತು ವರ್ಷ ಮಾಡಿಕೊಂಡು ಬಂದವರ ಗಾಡಿ ಇನ್ನು ಹೇಗಿರುತ್ತದೆ? ಆಗ ಜೀಪಿನ ಮಾಲೀಕರಾಗಿದ್ದ ಫಿಯೆಟ್ ಕ್ರೈಸ್ಲರ್‌ನವರು, ಇದು ನಮ್ಮ ಜೀಪಿನ ನಕಲು ಅಂತ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟರು. 2020ರಲ್ಲಿ ಆಯೋಗ ಹೌದು ಅಂದಿತು. ಮಹೀಂದ್ರ ಗಾಡಿಯ ಮುಖ ಬದಲಿಸಿತು, ಹೊಸ ಮುಖಕ್ಕೆ ಒಪ್ಪಿಗೆ ಸಿಕ್ಕಿತು. ಇದು ಜೀಪಿನ ಹಾಗೇ ಇದೆ ಅಂತ ತೀರ್ಮಾನಿಸಲು ಅಲ್ಲಿ ವಕೀಲರು, ಸಾಕ್ಷಿಗಳು ಎಲ್ಲಾ ಸೇರಿ ಹತ್ತಿರ ಹತ್ತಿರ ಎರಡು ವರ್ಷ ಬೇಕಾಯಿತು. ನಮ್ಮಮ್ಮನನ್ನು ಕರೆದಿದ್ದರೆ ಗೇಟಿನಿಂದಲೇ ನೋಡಿ ಹೇಳಿರುತ್ತಿದ್ದಳು.