‘ನೋವಾ’ ಹುಡುಗಿ ಹೆಸರಾ, ಹುಡುಗನ ಹೆಸರಾ?

ಪ್ರಶ್ನೆ: ತಂಗಿ ತನ್ನ ಮಗಳಿಗೆ ‘ನೋವಾ’ ಅಂತ ಹೆಸರಿಡಬೇಕು ಅಂತಿದ್ದಾಳೆ. ಅದು ಬೈಬಲ್ಲಿನಲ್ಲಿ ಹಡಗು ಕಟ್ಟಿದ ನೋಹನ ಹೆಸರಲ್ವಾ?

ಉತ್ತರ: ಅಲ್ಲ. ಇವೆರಡೂ ಬೇರೆ ಬೇರೆ ಹೀಬ್ರೂ ಹೆಸರುಗಳು. ಗಲಿಬಿಲಿಗೆ ಇಂಗ್ಲಿಷೇ ಕಾರಣ. ಬೈಬಲ್ಲಿನ ‘ಅರಣ್ಯಕಾಂಡ’ ಅನ್ನೋ ಭಾಗದಲ್ಲಿ ‘ನೋಆ’ (ನಾವು ಹೇಳುವ ‘ನೋವಾ’) ಎಂಬ ಹುಡುಗಿ ಬರುತ್ತಾಳೆ; 1611ರ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಅವಳ ಹೆಸರಿಗೂ ನೋಹನ ಸ್ಪೆಲ್ಲಿಂಗನ್ನೇ (Noah) ಹಾಕಿಬಿಟ್ಟಿದ್ದಾರೆ. ಹೀಬ್ರೂನಲ್ಲಿ ನೋಹನ ಹೆಸರು ಗಂಟಲಿನ ‘ಖ್’ ಸದ್ದಿನಲ್ಲಿ ಮುಗಿಯುತ್ತದೆ. ಹುಡುಗಿಯದು ‘ನೋ-ಆ’.

ಅರ್ಥವಂತೂ ಪೂರ್ತಿ ಉಲ್ಟಾ. ನೋಹ ಅಂದರೆ ವಿಶ್ರಾಂತಿ. ನೋಆ ಅಂದರೆ ಚಲನೆ, ಅಲುಗಾಟ. ಇಸ್ರೇಲಿನಲ್ಲಿ ಇವತ್ತು ರಸ್ತೆಯ ಟ್ರಾಫಿಕ್‌ಗೆ ಹೇಳುವ ‘ತ್ನುಆ’ ಅನ್ನೋ ಪದವೂ ಅದೇ ಬೇರಿನದು!

ಬೈಬಲ್ಲಿನ ನೋಆ ಸುಮ್ನೆ ಕೂರುವವಳೂ ಅಲ್ಲ. ಅವರು ಐದು ಜನ ಅಕ್ಕತಂಗಿಯರು, ಅಣ್ಣತಮ್ಮಂದಿರಿಲ್ಲ. ಅಪ್ಪ ಮರುಭೂಮಿಯಲ್ಲೇ ತೀರಿಕೊಂಡಿದ್ದ. ಐವರೂ ದೇವದರ್ಶನದ ಗುಡಾರದ ಬಾಗಿಲಿಗೆ ಹೋಗಿ, ನಾಯಕ ಮೋಶೆ, ಯಾಜಕ (ಪುರೋಹಿತ), ಇಡೀ ಸಮೂಹದ ಎದುರು ನಿಂತು ಕೇಳಿದರು: ಗಂಡುಮಕ್ಕಳಿಲ್ಲ ಅಂತ ಅಪ್ಪನ ಹೆಸರು ಅಳಿದುಹೋಗಬೇಕಾ? ನಮಗೂ ಪಾಲು ಕೊಡಿ. ಅವರು ಹೇಳೋದು ಸರಿ ಅಂತ ತೀರ್ಪಾಯಿತು. ಆಮೇಲೆ ಒಂದು ಷರತ್ತೂ ಬಂತು: ಜಮೀನು ಕುಲದಾಚೆ ಹೋಗಬಾರದು, ಹಾಗಾಗಿ ತಮ್ಮದೇ ಆದ ‘ಮನಸ್ಸೆ’ ಎಂಬ ಕುಲದೊಳಗೇ ಮದುವೆಯಾಗಬೇಕು. (ಆಸ್ತಿ ವಿಷಯ, ಎಲ್ಲಾ ಕಡೆ ಹೀಗೇ.)

2000ದ ನಂತರ ಇಸ್ರೇಲಿನಲ್ಲಿ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಡುವ ಹೆಸರಾಗಿ ಇದು ಹಲವು ವರ್ಷ ಮೊದಲ ಸ್ಥಾನದಲ್ಲಿತ್ತು. ಸ್ಪೇನ್, ನೆದರ್‌ಲ್ಯಾಂಡ್ಸ್‌ನಲ್ಲೂ ಜಾಸ್ತಿ ಕೇಳಿಸುತ್ತದೆ. 2023ರ ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆ ಯೂರೋವಿಷನ್‌ನಲ್ಲಿ ಮೂರನೆಯವಳಾದ ಗಾಯಕಿ ನೋಆ ಕಿರೆಲ್. ಅಖಿನೋಆಮ್ ನಿನಿ ಎಂಬ ಇನ್ನೊಬ್ಬ ಇಸ್ರೇಲಿ ಗಾಯಕಿ ಕೂಡ ಹೊರದೇಶಗಳಲ್ಲಿ ನೋಆ ಅಂತಲೇ ಪರಿಚಿತರು.

ಹಾಗಾಗಿ ಧಾರಾಳವಾಗಿ ಇಡಿ. ಒಂದೇ ತೊಡಕು. ಓ ಆದಮೇಲೆ ಆ ಬಂದರೆ ಕನ್ನಡದ ನಾಲಿಗೆ ನಡುವೆ ‘ವ’ ಸೇರಿಸಿಬಿಡುತ್ತದೆ, ಶಾಲೆಯಲ್ಲಿ ಕಲಿತ ವಕಾರಾಗಮ ಸಂಧಿ. ಆಗ ಡಾಕ್ಟರು ಹೊಟ್ಟೆ ಒತ್ತಿ ‘ನೋವಾ?’ ಅಂತ ಕೇಳಿದ ಹಾಗಿರುತ್ತದೆ. ಜನನ ಪ್ರಮಾಣಪತ್ರದಲ್ಲಿ ‘ನೋಆ’ ಅಂತಲೇ ಬರೆಸಿ. ಅಜ್ಜಿ ಹೇಗೂ ‘ನೋವಮ್ಮ’ ಅಂತಲೇ ಕರೆಯುತ್ತಾರೆ.