ಕಾಡಲ್ಲಿ ಸಿಕ್ಕ ಅಣಬೆ ತಿನ್ನೋದಾ, ವಿಷದ್ದಾ?

ಪ್ರಶ್ನೆ: ದಾವಣಗೆರೆಯಿಂದ ನಾಲ್ಕು ಗೆಳೆಯರು ಮಳೆಗಾಲದಲ್ಲಿ ಆಗುಂಬೆ ಕಾಡು ಸುತ್ತಲು ಹೊರಟಿದ್ದೇವೆ. ದಾರಿಯಲ್ಲಿ ಸಿಗುವ ಅಣಬೆಗಳಲ್ಲಿ ತಿನ್ನುವಂಥದ್ದು ಯಾವುದು ಅಂತ ಸುಲಭವಾಗಿ ಗುರುತಿಸೋದು ಹೇಗೆ?

ಉತ್ತರ: ಸುಲಭವಾಗಿ ಆಗಲ್ಲ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ಬದಲಾದರೆ ವಿಷ, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅಂತಾರಲ್ಲ, ಮೂರೂ ಸುಳ್ಳು. ಬಸವನಹುಳು ಆರಾಮಾಗಿ ಮೇಯುವ ಅಣಬೆ ನಮ್ಮ ಲಿವರ್ ಕೆಡಿಸಬಹುದು.

ಹೊಳಲ್ಕೆರೆ ಕಡೆಯ ನಮ್ಮಜ್ಜಿಗೆ ಗೊತ್ತಿದ್ದದ್ದು ಹುತ್ತದ ಅಣಬೆ ಒಂದೇ. ಮಳೆ ಹಿಡಿದ ಮೇಲೆ ಪ್ರತಿವರ್ಷ ಅದೇ ಹೊಲದ ಬದುವಿಗೆ ಹೋಗಿ, ಕೋಲಿನಿಂದ ಮಣ್ಣು ಕೆದಕಿ ಬುಡಸಮೇತ ಎತ್ತುತ್ತಿದ್ದಳು. ಕೆಳಗೆ ಬೇರಿನಂಥ ಉದ್ದ ಬಾಲ. ಅದು ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಗೆದ್ದಲು ಊಟಕ್ಕೆಂದು ಸಾಕಿಕೊಂಡ ಶಿಲೀಂಧ್ರ ಅದು. ಬೇರೆ ಏನೇ ಸಿಕ್ಕರೂ "ನಾಯಿಕೊಡೆ, ಬಿಡು" ಅನ್ನುತ್ತಿದ್ದಳು, ಅಷ್ಟೇ. ಅಜ್ಜಿಯ ಆ ತಿಳಿವಳಿಕೆ ಆ ಬದುವಿಗೆ ಸರಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆಗೆ ಅದನ್ನೇ ಹೊತ್ತುಕೊಂಡು ಹೋಗಬೇಡಿ.

ತಿನ್ನೋದು ಬಿಟ್ಟು ಬರೀ ಗುರುತಿಸೋದಾದರೆ ಮಜಾ ಇದೆ. ಎಲ್ಲರೂ ಕೊಡೆಯ ಬಣ್ಣ ನೋಡುತ್ತಾರೆ. ಮಳೆ ತೊಳೆದರೆ ಬಣ್ಣವೇ ಬೇರೆಯಾಗುತ್ತದೆ. ನೀವು ಬುಡ ನೋಡಿ. ಒಡೆದ ಮೊಟ್ಟೆಯ ಸಿಪ್ಪೆಯಂಥ ಚೀಲದಿಂದ ಕಾಂಡ ಎದ್ದಿದೆಯಾ? ಮೇಲೆ ಬಳೆಯಂಥ ಉಂಗುರ, ಕೊಡೆಯಡಿ ಬಿಳಿ ಪದರಗಳೂ ಇವೆಯಾ? ಅಮನೈಟಾ ಜಾತಿಯದ್ದಿರಬಹುದು. ಅವುಗಳಲ್ಲಿ ಕೆಲವು ಜೀವ ತೆಗೆಯುತ್ತವೆ. ಕುದಿಸಿದರೂ ಒಣಗಿಸಿದರೂ ಆ ವಿಷ ಹೋಗಲ್ಲ. ತಿಂದು 6ರಿಂದ 12 ಗಂಟೆ ಏನೂ ಆಗದೇ ಇರಬಹುದು. ಆಮೇಲೆ ವಾಂತಿ, ಭೇದಿ. ನಂತರ ಹುಷಾರಾದ ಹಾಗೆ ಅನಿಸುತ್ತದೆ, ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಯಾರಾದರೂ ತಿಂದುಬಿಟ್ಟಿದ್ದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಉಳಿದ ಅಣಬೆ, ಸಾರಿನಲ್ಲಿದ್ದದ್ದಾದರೂ ಸರಿ, ಜೊತೆಗೆ ಒಯ್ಯಿರಿ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಹೋದ ಮಳೆಗಾಲ ನಮ್ಮ ಮನೆ ಮುಂದಿನ ಹುಲ್ಲಿನಲ್ಲಿ ತಟ್ಟೆಯಗಲದ ಬಿಳಿ ಅಣಬೆ ಎದ್ದಿತ್ತು. ಅಂಗಡಿಯ ಅಣಬೆಗಿಂತ ಚೆಂದ! ಕಾಂಡ ಕತ್ತರಿಸಿ, ಕೊಡೆಯನ್ನು ಬಿಳಿ ಹಾಳೆ ಮೇಲೆ ಬೋರಲು ಹಾಕಿ, ಸ್ಟೀಲ್ ಪಾತ್ರೆ ಮುಚ್ಚಿಟ್ಟೆ. ಬೆಳಗ್ಗೆ ಎತ್ತಿದರೆ ಹಾಳೆ ಮೇಲೆ ಮಾಸಲು ಹಸಿರು ಗೆರೆಗಳು, ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಅವು ಉದುರಿದ ಬೀಜಕಣಗಳು. ಹಸಿರು ಪುಡಿ ಬಿದ್ದರೆ ಅದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್, ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ತಿರುಚಿ ವಾಂತಿ ಮಾಡಿಸುವ ಗಿರಾಕಿ. ಎಳೆಯದಿದ್ದಾಗ ಅದರ ಪದರಗಳೂ ಬಿಳಿಯೇ, ಮೋಸಹೋಗೋದು ಅಲ್ಲೇ.

ಆಗುಂಬೆಯಲ್ಲಿ ಮಾತ್ರ ಏನನ್ನೂ ಕೀಳಬೇಡಿ. ಪಕ್ಕದಲ್ಲೇ ಸೋಮೇಶ್ವರ ಅಭಯಾರಣ್ಯವಿದೆ, ಅಲ್ಲಂತೂ ಕಿತ್ತರೆ ಕಾನೂನಿನ ತೊಂದರೆ. ಅಣಬೆ ಮುಟ್ಟಿದರೆ ವಿಷ ಏರಲ್ಲ, ಆ ಭಯ ಬೇಡ. ಜೇಬಲ್ಲಿ ಒಂದು ಪುಟ್ಟ ಕನ್ನಡಿ ಇಟ್ಟುಕೊಳ್ಳಿ. ಕೊಡೆಯ ಕೆಳಗೆ ಹಿಡಿದರೆ ಪದರ, ಉಂಗುರ ಎಲ್ಲ ಕಾಣುತ್ತದೆ, ಫೋಟೋನೂ ಬರುತ್ತದೆ. ಬಗ್ಗಿ ಕೂತಾಗ ಕಾಲಿಗೆ ಉಂಬಳ ಹತ್ತುತ್ತದೆ, ಅದನ್ನೂ ಸ್ವಲ್ಪ ನೋಡ್ಕೊಳ್ಳಿ.